ಇಂಗ್ಲಿಷು ಓದುವ ನಮ್ಮ ಮಕ್ಕಳು: ಸೆಮಿಸ್ಟರು ಮುಗಿದ ಮೇಲೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕಾಸರಗೋಡಿನಲ್ಲಿ ಜರಗಿದ ವಿದ್ಯಾರ್ಥಿ ಮತ್ತು ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಮಗೆ ಒಪ್ಪಿಸಿರುವ ವಿಷಯವು ಅಷ್ಟೇನೂ ರಸವತ್ತಾದುದಲ್ಲ. ನಮಗಿಂತ ಮೊದಲು ಮಾತನಾಡಿದ ಮಹನೀಯರು ಮಂಜೇಶ್ವರದ ಗೋವಿಂದ ಪೈಗಳ ಪಾಂಡಿತ್ಯವನ್ನು ತಮ್ಮ ಮುಂದೆ ಬಿಚ್ಚಿಟ್ಟರು. ನಮ್ಮ ತರುವಾಯ ತಾಳಮದ್ದಳೆಯಿದೆ. ಇವೆರಡರ ನಡುವೆ ಸಿಕ್ಕಿಕೊಂಡ ನಾವು ಅರ್ಜಿ, ಪ್ರಮಾಣಪತ್ರ, ಪ್ರವೇಶಪರೀಕ್ಷೆ, ವಿದ್ಯಾರ್ಥಿವೇತನ ಎಂಬ ಒಣಮಾತುಗಳನ್ನು ಆಡಬೇಕಾಗಿದೆ. ಆದರೂ ಈ ಒಣಮಾತುಗಳನ್ನು ಸಕಾಲದಲ್ಲಿ ಹೇಳುವವರಿಲ್ಲದೆ ನಮ್ಮ ಮನೆಗಳ ಮಕ್ಕಳು ವರುಷಗಳನ್ನೇ ಕಳೆದುಕೊಂಡುದನ್ನು ನಾವು ಕಣ್ಣಾರೆ ಕಂಡಿರುವುದರಿಂದ, ಸಭಿಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಅರಿಕೆ.

ಇಂಗ್ಲಿಷು ಸಾಹಿತ್ಯವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡ ನಮ್ಮ ಹಲವು ಮಕ್ಕಳು ಕಣ್ಣೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿಯೂ, ಗಡಿ ದಾಟಿ ಮಂಗಳೂರಿನ ಕಾಲೇಜುಗಳಲ್ಲಿಯೂ ಓದುತ್ತಿದ್ದಾರೆ. ಇವರನ್ನು ಕುರಿತು ಮನೆಯ ಹಿರಿಯರು ಎರಡು ಆಕ್ಷೇಪಗಳನ್ನು ಎತ್ತುವುದುಂಟು. ಕನ್ನಡ ಶಾಲೆಯಲ್ಲಿ ಕಲಿತ ಮಗು ಇಂಗ್ಲಿಷಿನ ತರಗತಿಯಲ್ಲಿ ತಲೆಯೆತ್ತಿ ನಿಂತೀತೇ ಎಂಬುದು ಒಂದು. ನಿಂತರೂ, ಆಮೇಲೆ ಅದು ಕನ್ನಡದ ಕಡೆ ಮುಖ ತಿರುಗಿಸೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳಬೇಕಾದವರು ಮಕ್ಕಳೇ. ಎರಡನೆಯದಕ್ಕೆ ಮಾತ್ರ ಉತ್ತರ ಸಿದ್ಧವಾಗಿಯೇ ಇದೆ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕದಿಂದ ಹೊಸಗನ್ನಡ ಕವಿತೆಗೆ ಹಾದಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರು. ವಿ. ಕೃ. ಗೋಕಾಕರೂ ಇಂಗ್ಲಿಷನ್ನೇ ಬೋಧಿಸಿದವರು. ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪಿತವಾಗಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾದ ಇಂಗ್ಲಿಷು ಸಂಸ್ಥೆಗೆ ಒಂದು ಕಾಲದಲ್ಲಿ ನಿರ್ದೇಶಕರಾಗಿದ್ದವರು. ಯು. ಆರ್. ಅನಂತಮೂರ್ತಿಯವರು ಮೈಸೂರಿನಲ್ಲಿ ಇಂಗ್ಲಿಷು ಕಲಿಸುತ್ತಲೇ ಕನ್ನಡದಲ್ಲಿ ಬರೆದರು. 1987ರಲ್ಲಿ ನಮ್ಮ ಕೇರಳದ ಕೋಟ್ಟಯಂ ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿಯೂ ಬಂದರು. ಇಂಗ್ಲಿಷು ಓದಿದುದರಿಂದ ಇವರಲ್ಲಿ ಯಾರ ಕನ್ನಡವೂ ಬಡವಾಗಲಿಲ್ಲ.

ಇನ್ನು ಸುದ್ದಿಗೆ ಬರೋಣ. ಮೊದಲನೆಯದಾಗಿ, ಪದವಿಯ ಅವಧಿಯೇ ಗಡಿಯ ಎರಡು ಕಡೆಗಳಲ್ಲಿ ಎರಡು ಬಗೆಯಾಗಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿದೆ. ಮೂರನೆಯ ವರ್ಷದ ಕೊನೆಗೆ 133 ಕ್ರೆಡಿಟ್ ಗಳಿಸಿ ಪದವಿಯೊಡನೆ ಹೊರಬರಬಹುದು. ಇಲ್ಲವೆ ನಾಲ್ಕನೆಯ ವರ್ಷವನ್ನೂ ಓದಿ 177 ಕ್ರೆಡಿಟ್ ಗಳಿಸಿ ಆನರ್ಸ್ ಪಡೆಯಬಹುದು. ಕರ್ನಾಟಕದಲ್ಲಾದರೋ 2021ರಲ್ಲಿ ತಂದ ನಾಲ್ಕು ವರ್ಷದ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದರು. ಹೀಗಾಗಿ ಅಕ್ಕನ ಮಗ ಕಾಸರಗೋಡಿನಲ್ಲಿ ಒಂದು ಲೆಕ್ಕದಲ್ಲಿಯೂ ತಂಗಿಯ ಮಗಳು ಮಂಗಳೂರಿನಲ್ಲಿ ಇನ್ನೊಂದು ಲೆಕ್ಕದಲ್ಲಿಯೂ ಓದುತ್ತಿರುವುದುಂಟು. ಊಟಕ್ಕೆ ಕೂತಾಗ ಯಾರು ಮುಂದೆ, ಯಾರು ಹಿಂದೆ ಎಂಬ ವಾದ ಬೇರೆ. ನಾಲ್ಕು ವರ್ಷ ಓದಿದವರಿಗೆ ಸ್ನಾತಕೋತ್ತರ ಪದವಿಯನ್ನು ಒಂದೇ ವರ್ಷದಲ್ಲಿ ಮುಗಿಸುವ ಏರ್ಪಾಡಿಗೆ ಯು.ಜಿ.ಸಿ.ಯು 2024ರಲ್ಲಿ ಚೌಕಟ್ಟನ್ನು ಪ್ರಕಟಿಸಿದೆ. ಆದರೆ ತಾವು ಸೇರಬೇಕೆಂದಿರುವ ವಿಶ್ವವಿದ್ಯಾನಿಲಯವು ಆ ಒಂದು ವರ್ಷದ ತರಗತಿಯನ್ನು ನಡೆಸುತ್ತಿದೆಯೇ ಎಂಬುದನ್ನು ಆರನೆಯ ಸೆಮಿಸ್ಟರಿಗೆ ಮೊದಲೇ ಕೇಳಿ ತಿಳಿಯತಕ್ಕದ್ದು. ಕೇಳದೆ ನಾಲ್ಕನೆಯ ವರ್ಷಕ್ಕೆ ಹಣ ಕಟ್ಟಿ, ಆಮೇಲೆ ಮತ್ತೆ ಎರಡು ವರ್ಷದ ಎಂ.ಎ.ಗೆ ಸೇರಬೇಕಾಗಿ ಬಂದರೆ ಒಂದು ವರ್ಷವು ಮನೆಯವರ ತಲೆಯ ಮೇಲೆ ಬೀಳುತ್ತದೆ. ಸಂಶೋಧನೆಯ ಕಡೆಗೆ ಒಲವಿರುವವರಿಗೆ ನಾಲ್ಕನೆಯ ವರ್ಷ ಒಳ್ಳೆಯದು, ಬೇಗ ಬಿ.ಎಡ್. ಮುಗಿಸಿ ಕೆಲಸಕ್ಕೆ ನಿಲ್ಲಬೇಕಾದವರಿಗೆ ಮೂರೇ ಸಾಕು ಎಂಬುದು ನಮ್ಮ ಎಣಿಕೆ.

ಇಷ್ಟಕ್ಕೂ ಸೆಮಿಸ್ಟರಿನ ಕೊನೆ ಎಂದರೆ ಯಾವ ಸೆಮಿಸ್ಟರಿನ ಕೊನೆ? ನಮ್ಮ ಮಕ್ಕಳೆಲ್ಲರೂ ಎಡವುವುದು ಇಲ್ಲಿಯೇ. ಆರನೆಯ ಸೆಮಿಸ್ಟರು ಮುಗಿಯಲಿ, ಫಲಿತಾಂಶ ಬರಲಿ, ಆಮೇಲೆ ಎಂ.ಎ. ವಿಚಾರ ನೋಡೋಣ ಎಂದು ಅವರು ಕುಳಿತಿರುತ್ತಾರೆ. ಆದರೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಸೇರಲು 2022ರಿಂದ ಸಿ.ಯು.ಇ.ಟಿ. ಎಂಬ ಒಂದೇ ಪ್ರವೇಶಪರೀಕ್ಷೆ ನಡೆಯುತ್ತಿದೆ. ಸ್ನಾತಕೋತ್ತರ ತರಗತಿಗಳ ಆ ಪರೀಕ್ಷೆ ಈಚಿನ ವರ್ಷಗಳಲ್ಲಿ ಮಾರ್ಚಿಯಲ್ಲಿಯೇ ಜರಗಿ, ಅರ್ಜಿಯ ಅವಧಿಯು ಡಿಸೆಂಬರು ಜನವರಿಗಳ ಸುಮಾರಿಗೆ ಬಂದಿದೆ. ಎಂದರೆ ಐದನೆಯ ಸೆಮಿಸ್ಟರು ಮುಗಿದು ಮಕ್ಕಳು ಉಸಿರು ಬಿಡುವ ಹೊತ್ತಿಗೆ. ಬೇಸಗೆಯಲ್ಲಿ ಅಡಿಕೆ ಸುಲಿಯುತ್ತ ಕುಳಿತು ವಿಚಾರಿಸಿದರೆ ಆ ಬಾಗಿಲು ಮುಚ್ಚಿ ತಿಂಗಳುಗಳಾಗಿರುತ್ತವೆ. ಪೆರಿಯೆಯಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಆರಂಭವಾದುದು. ಇಂಗ್ಲಿಷು ಮತ್ತು ತೌಲನಿಕ ಸಾಹಿತ್ಯದ ವಿಭಾಗವು ಅಲ್ಲಿದೆ. ಮನೆಯ ಅನ್ನ ಉಂಡು ಬಸ್ಸು ಹಿಡಿದು ಹೋಗಿ ಓದಬಹುದಾದ ಆ ವಿಭಾಗಕ್ಕೆ ದೂರದೂರದ ರಾಜ್ಯಗಳ ಮಕ್ಕಳು ಅರ್ಜಿ ಹಾಕುತ್ತಿರುವಾಗ, ನಮ್ಮವರು ಅರ್ಜಿಯ ದಿನವನ್ನೇ ತಿಳಿಯದೆ ಉಳಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ವಿದ್ಯಾರ್ಥಿವೇತನದ ಮಾತನ್ನು ಸಂಕ್ಷೇಪವಾಗಿ ಮುಗಿಸುತ್ತೇವೆ. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ, ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷ ಮೀರದ ಮಕ್ಕಳಿಗೆ ಕೇಂದ್ರ ಸರಕಾರದ ಯೋಜನೆಯೊಂದರಲ್ಲಿ ಪದವಿ ತರಗತಿಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಇದನ್ನು ವರ್ಷ ವರ್ಷವೂ ನವೀಕರಿಸಬೇಕು. ಅದಕ್ಕೆ ಶೇಕಡಾ 50 ಅಂಕಗಳೂ ಶೇಕಡಾ 75 ಹಾಜರಿಯೂ ಬೇಕು. ಸ್ನಾತಕೋತ್ತರ ತರಗತಿಗೆ ಇನ್ನೊಂದು ರಾಷ್ಟ್ರೀಯ ವಿದ್ಯಾರ್ಥಿವೇತನವಿದ್ದು, ತಿಂಗಳಿಗೆ 15,000 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಸಲ್ಲುತ್ತದೆ. ಒಟ್ಟು ಹತ್ತು ಸಾವಿರ ಮಂದಿಗೆ ಮೀಸಲಾದ ಈ ವೇತನ ಸಾಹಿತ್ಯ ಓದುವವರಿಗೂ ಉಂಟು. ಅದು ವಿಜ್ಞಾನದವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ.

ನೆಟ್ ಪರೀಕ್ಷೆಯನ್ನು ಕುರಿತು ನೂರು ಪ್ರಶ್ನೆಗಳು ಬರುತ್ತವೆ. ಜೂನು ಮತ್ತು ಡಿಸೆಂಬರುಗಳ ಹೆಸರಿನಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು: ಎಲ್ಲರಿಗೂ ಸಮಾನವಾದ ಮೊದಲನೆಯದರಲ್ಲಿ 50 ಪ್ರಶ್ನೆ, ವಿಷಯದ ಎರಡನೆಯದರಲ್ಲಿ 100, ಒಟ್ಟು ಮೂರು ಗಂಟೆಯ ಕಾಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಕೂಡದು. ಎಂ.ಎ. ಕೊನೆಯ ವರ್ಷದಲ್ಲಿರುವವರೂ ಕುಳಿತುಕೊಳ್ಳಬಹುದು. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕವಿದ್ದವರಿಗೆ ಸಂಶೋಧನೆಯ ಸಲುವಾಗಿ ಬರೆಯಲು 2024ರಿಂದ ಅವಕಾಶವಾಗಿದೆ. ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 37,000 ರೂಪಾಯಿ. ಆದರೆ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರ ಅಂಕಗಳು ಒಂದು ವರ್ಷದವರೆಗಷ್ಟೇ ನಡೆಯುತ್ತವೆ. ಇನ್ನೊಂದು ಮಾತನ್ನು ಪೋಷಕರಿಗೆ ಹೇಳಬೇಕು. ನೆಟ್ ತೇರ್ಗಡೆಯಾಯಿತೆಂದರೆ ಕೆಲಸ ಸಿಕ್ಕಿತೆಂದು ಅರ್ಥವಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಅರ್ಹತೆ ಸಿಕ್ಕಿತೆಂದು ಅರ್ಥ. ಮಗನು ತೇರ್ಗಡೆಯಾದ ಮರುತಿಂಗಳೇ ಸಂಬಳ ಕೇಳುವ ತಂದೆಯವರು ದಯವಿಟ್ಟು ಇದನ್ನು ಗಮನಿಸಬೇಕು. 2024ರ ಜೂನ್ 18ರಂದು ನಡೆದ ಪರೀಕ್ಷೆಯು ಮರುದಿನವೇ ರದ್ದಾಗಿ ಮಕ್ಕಳು ಮತ್ತೆ ಬರೆಯಬೇಕಾದುದೂ ಉಂಟು. ಆ ವರ್ಷ ಸೋತವರನ್ನು ಮನೆಯಲ್ಲಿ ಹೀಗಳೆಯುವುದು ನ್ಯಾಯವಲ್ಲ.

ಈಗ ನಾವು ಹೇಳಲಿರುವುದು ನಮ್ಮದೇ ಅಜ್ಞಾನದ ಕತೆ. ಕೆಲವು ವರ್ಷಗಳ ಕೆಳಗೆ, ತಾಯಿಯು ಬೀಡಿ ಕಟ್ಟಿ ಓದಿಸಿದ ನಮ್ಮೂರಿನ ಹುಡುಗಿಯೊಬ್ಬಳು ಪ್ರವೇಶಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿದಳು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಹೆಸರು ಬಂದಿತು. ದಾಖಲೆಗಳನ್ನು ಒಪ್ಪಿಸಲು ಮೂರೇ ದಿನದ ಅವಧಿ. ಅವಳ ಕೈಯಲ್ಲಿದ್ದುದು ರಾಜ್ಯದ ಉಪಯೋಗಕ್ಕೆಂದು ಮಲಯಾಳದಲ್ಲಿ ಬರೆದ, ಹಿಂದಿನ ಹಣಕಾಸಿನ ವರ್ಷದ ಪ್ರಮಾಣಪತ್ರ. ಕೇಳಿದುದು ಕೇಂದ್ರದ ನಮೂನೆಯ, ಇಂಗ್ಲಿಷಿನ, ಆ ವರ್ಷದ ಏಪ್ರಿಲ್ 1ರಿಂದ ಈಚಿನ ಪತ್ರ. ನಾವೂ ಅವಳೊಡನೆ ಅಕ್ಷಯ ಕೇಂದ್ರಕ್ಕೆ, ವಿಲ್ಲೇಜ್ ಆಫೀಸಿಗೆ, ತಾಲೂಕು ಕಚೇರಿಗೆ ಅಲೆದೆವು. ನಡುವೆ ಒಂದು ರಜೆಯ ದಿನ ಬಂದಿತು. ಪತ್ರ ಕೈಸೇರಿದಾಗ ಅವಳ ಸ್ಥಾನ ಬೇರೊಬ್ಬರದಾಗಿತ್ತು. ಯಾವ ಅಧಿಕಾರಿಯನ್ನೂ ನಾವು ದೂರಲಾರೆವು. ಅವರವರ ಕೆಲಸವನ್ನು ಅವರವರು ಮಾಡಿದರು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಎರಡು ನಮೂನೆಗಳ ಭೇದ ತಿಳಿದಿರಲಿಲ್ಲ, ಅಷ್ಟೆ. ಮರುವರ್ಷ ಅವಳು ಮತ್ತೆ ಬರೆದು ಸ್ಥಾನ ಪಡೆದಳು. ನಡುವಿನ ಆ ವರ್ಷ ತಾಯಿಯ ಪಕ್ಕದಲ್ಲಿ ಕುಳಿತು ಬೀಡಿ ಕಟ್ಟಿದಳು.

ಗಡಿನಾಡಿನವರಿಗೆ ಇದಕ್ಕೆ ಸೇರಿದ ಇನ್ನೊಂದು ತೊಡಕುಂಟು. ನಮ್ಮ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಇಳಿಯುತ್ತದೆ; ರೇಶನ್ ಕಾರ್ಡಿನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಇಳಿಯುತ್ತದೆ. ಶಂಕರನು ಒಂದು ಕಡೆ ಎಸ್ ಎಚ್ ಎಂದೂ ಇನ್ನೊಂದು ಕಡೆ ಬರಿಯ ಎಸ್ ಎಂದೂ ಆರಂಭವಾಗಿ ಇಬ್ಬರು ಶಂಕರರಾಗುತ್ತಾನೆ. ಕಂಪ್ಯೂಟರು ಇಬ್ಬರನ್ನೂ ಒಪ್ಪುವುದಿಲ್ಲ. ಕೆಲವು ಸಮುದಾಯಗಳು ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದಿರುವುದೂ ಉಂಟು. ಅದನ್ನೂ ಮೊದಲೇ ನೋಡಿಕೊಳ್ಳಬೇಕು. ಏಪ್ರಿಲ್ ತಿಂಗಳ ಮೊದಲ ವಾರವನ್ನು ವಿಷುವಿನ ಸಿದ್ಧತೆಗೆ ಬಿಡುವ ಮುನ್ನ ಈ ಕಾಗದಗಳಿಗೆ ಒಂದು ದಿನ ಕೊಡಿರೆಂದು ತಾಯಂದಿರಲ್ಲಿ ನಮ್ಮ ಪ್ರಾರ್ಥನೆ.

ಇನ್ನು ಕೆಲಸದ ವಿಚಾರ. ಕೇರಳದ ಪ್ರೌಢಶಾಲೆಯಲ್ಲಿ ಇಂಗ್ಲಿಷು ಅಧ್ಯಾಪಕರಾಗಲು ಪದವಿ, ಬಿ.ಎಡ್., ಕೆ-ಟೆಟ್ ಬೇಕು. ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್., ಸೆಟ್ ಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ಬಂದು ಮಕ್ಕಳು ಮಿಕಮಿಕ ನೋಡುತ್ತ ಕುಳಿತ ಸಂಗತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಕನ್ನಡ ಬಲ್ಲ ಇಂಗ್ಲಿಷು ಅಧ್ಯಾಪಕರು ನಮ್ಮೊಳಗಿಂದಲೇ ಹುಟ್ಟಬೇಕಲ್ಲದೆ ಬೇರೆ ಎಲ್ಲಿಂದ ಬಂದಾರು? ಪಿ.ಎಸ್.ಸಿ.ಯು ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದುಂಟು. ಅದನ್ನೂ ಕಣ್ಣಿಟ್ಟು ಕಾಯಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆಯುವುದು ಅನುವಾದ. 2025ರ ಮೇ 20ರಂದು ಬಾನು ಮುಷ್ತಾಕರ ಹನ್ನೆರಡು ಕನ್ನಡ ಕತೆಗಳ ಇಂಗ್ಲಿಷು ಅನುವಾದವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಐವತ್ತು ಸಾವಿರ ಪೌಂಡಿನ ಆ ಬಹುಮಾನವನ್ನು ಬರೆದವರಿಗೂ ಅನುವಾದಿಸಿದವರಿಗೂ ಸರಿಪಾಲಾಗಿ ಹಂಚುತ್ತಾರೆ. ಅನುವಾದಕಿ ದೀಪಾ ಭಾಸ್ತಿಯವರು ನಮ್ಮ ನೆರೆಯ ಕೊಡಗಿನ ಮಡಿಕೇರಿಯವರು. ಕನ್ನಡದ ಪುಸ್ತಕವೊಂದಕ್ಕೆ ಈ ಗೌರವ ಸಂದುದು ಅದೇ ಮೊದಲು. ಈ ಸುದ್ದಿ ಬಂದ ದಿನ ನಾವು ಎಂ.ಎ. ವಿದ್ಯಾರ್ಥಿಯೊಬ್ಬನನ್ನು ಕಂಡು ಹೇಳಿದೆವು. ಅವನ ತಂದೆ ಮೇಳದಲ್ಲಿ ವೇಷಧಾರಿ. ಅವನು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು ಆಡುವವನು. ಕಾಲೇಜಿನ ಅರ್ಜಿಯಲ್ಲಿ, ಬಲ್ಲ ಭಾಷೆಗಳು ಎಂಬ ಕಡೆ ಇಂಗ್ಲಿಷು ಎಂದಷ್ಟೇ ಬರೆದಿದ್ದ. ಉಳಿದುವನ್ನು ಏಕೆ ಬಿಟ್ಟೆ ಎಂದರೆ, "ಅವನ್ನು ಕೇಳುವವರು ಯಾರು ಸರ್?" ಎಂದ. ನಾಲ್ಕು ಭಾಷೆಗಳ ಒಡೆಯನು ಒಂದನ್ನು ಮಾತ್ರ ಹೇಳಿಕೊಂಡ ಆ ಗಳಿಗೆಯನ್ನು ನಾವು ಮರೆತಿಲ್ಲ.

ಕೇಳುವವರು ಇದ್ದಾರೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲಿಯೇ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು ಕನ್ನಡಕ್ಕೆ ಅನುವಾದಿಸಿದವರಿಗೂ ಇಂಗ್ಲಿಷಿಗೆ ಅನುವಾದಿಸಿದವರಿಗೂ ಬಹುಮಾನ ಕೊಡುತ್ತದೆ. ಬೂಕರಿನ ಮಾತು ದೂರದ್ದು. ಅನುವಾದದಿಂದ ನಾಳೆಯೇ ಸಂಸಾರ ಸಾಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ನಾಲ್ಕನೆಯ ವರ್ಷದ ಪ್ರಬಂಧಕ್ಕೆ ವಿಷಯ ಸಿಗದೆ, ಸಾವಿರ ಮಂದಿ ಬರೆದ ಶೇಕ್ಸ್‌ಪಿಯರನ ನಾಟಕವನ್ನೇ ಮತ್ತೆ ಹಿಡಿಯುವ ವಿದ್ಯಾರ್ಥಿಯು, ತನ್ನ ಊರಿನ ಲೇಖಕರೊಬ್ಬರ ಹತ್ತು ಪುಟಗಳನ್ನು ಇಂಗ್ಲಿಷಿಗೆ ತಂದು ಅದರ ಕಷ್ಟವನ್ನು ಚರ್ಚಿಸಿದರೆ, ಸಂದರ್ಶನದಲ್ಲಿ ಹೇಳಿಕೊಳ್ಳಲು ಅವನಿಗೆ ಸ್ವಂತದ್ದೊಂದು ಇರುತ್ತದೆ. 1957ರಿಂದ ನಡೆಯುತ್ತಿರುವ ನಮ್ಮ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವೂ ಇಂಗ್ಲಿಷು ವಿಭಾಗವೂ ಒಂದೇ ಆವರಣದಲ್ಲಿವೆ. ಎರಡರ ನಡುವೆ ನಡೆದುಹೋಗಲು ಐದು ನಿಮಿಷವೂ ಬೇಡ. ಅಂದು ಆ ಹುಡುಗನಿಗೆ ನಾವು ಹೇಳಿದುದೂ ಇಷ್ಟನ್ನೇ. ಈಗ ಅವನು ತಂದೆಯ ಬಳಿ ಕುಳಿತು ಪ್ರಸಂಗಗಳ ಅರ್ಥ ಕೇಳಿ ಬರೆದುಕೊಳ್ಳುತ್ತಿದ್ದಾನೆ.

ಸಭಾಂಗಣದ ಬಲಮಗ್ಗುಲಿನ ಮೇಜಿನ ಮೇಲೆ ಎರಡು ಬಗೆಯ ಪ್ರಮಾಣಪತ್ರಗಳ ಮಾದರಿಗಳನ್ನು ಅಕ್ಕಪಕ್ಕ ಇರಿಸಿದ್ದೇವೆ. ಐದನೆಯ ಸೆಮಿಸ್ಟರಿನ ಮಕ್ಕಳು ತಮ್ಮ ಹೆಸರನ್ನು ಅಲ್ಲಿರುವ ಪುಸ್ತಕದಲ್ಲಿ ಬರೆದು ಹೋದರೆ, ಅರ್ಜಿಯ ದಿನ ಬಂದಾಗ ಸಂಘದವರು ಮನೆಗೆ ತಿಳಿಸುತ್ತಾರೆ. ಹೆಸರನ್ನು ಆಧಾರಿನಲ್ಲಿರುವ ಅಕ್ಷರಗಳಲ್ಲಿಯೇ ಬರೆಯಬೇಕು. ಭಾಗವತರು ಆಗಲೇ ಬಂದು ಕುಳಿತಿದ್ದಾರೆ, ಮದ್ದಳೆಯೂ ಶ್ರುತಿಗೆ ಬಂದಂತಿದೆ. ನಾವು ವೇದಿಕೆಯನ್ನು ಅವರಿಗೆ ಬಿಟ್ಟುಕೊಡುತ್ತೇವೆ.