ಬೆಂಗಳೂರಿನ ನೀರು
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿನ ಮಗ್ಗುಲಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಇದನ್ನು ಅರಿತೇ ನಮ್ಮ ಹಿರಿಯರು ಹಳ್ಳಗಳಿಗೆ ಏರಿಗಳನ್ನು ಕಟ್ಟಿ ಮಳೆಯ ನೀರನ್ನು ಹಿಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿದ್ದಿತು. ನೀರುಗಂಟಿಯು ತೂಬನ್ನು ಕಾಯುತ್ತಿದ್ದನು. ಊರವರು ಹೂಳನ್ನು ಎತ್ತುತ್ತಿದ್ದರು.

ಊರು ಬೆಳೆಯಲು ಕೆರೆಗಳ ನೀರು ಸಾಲದಾಯಿತು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ಬಂದಿತು. ಅದೂ ಸಾಲದಿರಲು, ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರವು 1933ರಲ್ಲಿ ಒದಗಿತು. 1956ರ ಏಕೀಕರಣದ ತರುವಾಯ ಊರು ಇಡೀ ಕನ್ನಡನಾಡಿನ ರಾಜಧಾನಿಯಾಗಿ ಮತ್ತಷ್ಟು ಹಿಗ್ಗಿತು. 1974ರಲ್ಲಿ ಕಾವೇರಿಯ ಮೊರೆಹೊಕ್ಕೆವು. ತೊರೆಕಾಡನಹಳ್ಳಿಯಿಂದ ಮೂರು ಕಡೆ ಯಂತ್ರಗಳಿಂದ ಎತ್ತಿ, ಸುಮಾರು 100 ಕಿಲೋಮೀಟರು ದೂರಕ್ಕೆ, 500 ಮೀಟರು ಎತ್ತರಕ್ಕೆ ನೀರನ್ನು ಏರಿಸಬೇಕಾಗಿದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನವೊಂದಕ್ಕೆ 77.5 ಕೋಟಿ ಲೀಟರು ನೀರನ್ನು ಒದಗಿಸಲೆಂದು ರಚಿತವಾದುದು.

ಈ ಮಹತ್ಕಾರ್ಯಗಳನ್ನು ನಾವು ಹಳಿಯುವವರಲ್ಲ. ಆದರೆ ದೂರದ ನೀರು ಬಂದಂತೆಲ್ಲ ಹತ್ತಿರದ ನೀರನ್ನು ಮರೆತೆವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವೆದ್ದಿದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದುದನ್ನು ಲೋಕವೇ ಕಂಡಿತು. ಕೆರೆಗಳನ್ನು ಕಳೆದುಕೊಂಡ ನೆಲದಲ್ಲಿ ಕೊಳವೆಬಾವಿಗಳನ್ನು ಆಳಕ್ಕೆ ಕೊರೆದೆವು. 2024ರ ಬೇಸಗೆಯಲ್ಲಿ ಅವೂ ಬತ್ತಲು, ಸಾವಿರಾರು ಮನೆಗಳವರು ನೀರಿನ ಲಾರಿಯ ದಾರಿಯನ್ನು ಕಾಯಬೇಕಾಯಿತು.

ಇನ್ನೆಷ್ಟು ದೂರ ಹೋಗೋಣ? ಕಾವೇರಿಯು ಬೆಂಗಳೂರೊಂದರ ಸೊತ್ತಲ್ಲ. ಮಂಡ್ಯದ ರೈತನ ಗದ್ದೆಗೂ ಅದು ಬೇಕು. ಕೆಳಗಿನ ತಮಿಳುನಾಡಿಗೂ ಅದರ ಪಾಲು ಸಲ್ಲಬೇಕು. ಮಳೆ ತಪ್ಪಿದ ವರ್ಷ ಅಲ್ಲಿಯೂ ನೀರಿಗೆ ಅಭಾವವೇ. ಆದುದರಿಂದ ಉಳಿದ ಕೆರೆಗಳ ಹೂಳನ್ನು ತೆಗೆಯುವುದು, ಕಾಲುವೆಗಳ ಒತ್ತುವರಿಯನ್ನು ಬಿಡಿಸುವುದು, ಕೊಳಚೆಯನ್ನು ಶುದ್ಧಮಾಡದೆ ಕೆರೆಗೆ ಬಿಡದಿರುವುದು, ಮನೆಮನೆಯಲ್ಲಿ ಮಳೆನೀರನ್ನು ಹಿಡಿಯುವುದು, ಇವು ಹೊಸ ಕೊಳವೆಮಾರ್ಗದಷ್ಟೇ ದೊಡ್ಡ ಲೋಕೋಪಯೋಗಿ ಕಾರ್ಯಗಳು.

ಉಪಾಧ್ಯಾಯ ಬಂಧುಗಳೇ, ನಿಮ್ಮ ಹುಡುಗರನ್ನು ಒಂದು ದಿನ ಊರ ಕೆರೆಗೆ ಕರೆದೊಯ್ಯಿರಿ. ಏರಿ ಯಾವುದು, ತೂಬು ಎಲ್ಲಿ, ಕೋಡಿಯ ನೀರು ಯಾವ ಕಡೆಗೆ ಹರಿಯಬೇಕು ಎಂಬುದನ್ನು ತೋರಿಸಿರಿ. ಆ ದಾರಿಯಲ್ಲಿ ಮನೆ ಕಟ್ಟಬಾರದೆಂಬ ತಿಳಿವಳಿಕೆಯು ಅವರಿಗಾದರೂ ಬರಲಿ.