ನೆಲಕ್ಕೆ ಕಾಗದ ಇದೆ, ಆಳಿಗೆ?

(ಡಿಸೆಂಬರ್ 2025)

ಕಳೆದ ವಾರ ತಿರುಮಣಿಗೆ ಹೋಗಿದ್ದೆ. ಪಾವಗಡ ತಾಲ್ಲೂಕಿನ ತಿರುಮಣಿ. ಅಲ್ಲಿನ ಸೋಲಾರ್ ಪಾರ್ಕ್ ನಿಮಗೆಲ್ಲ ಗೊತ್ತು. ನಮ್ಮ ಚಾನೆಲ್‌ನಲ್ಲೇ ಡ್ರೋನ್ ಹಾರಿಸಿ ಎಷ್ಟು ಸಲ ತೋರಿಸಿದ್ದೀವೋ ಲೆಕ್ಕವಿಲ್ಲ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್, ನೀಲಿ ಸಮುದ್ರದ ಹಾಗೆ ಕಾಣೋ ಪ್ಯಾನೆಲ್‌ಗಳು. ಈ ಸಲ ಡ್ರೋನ್ ತಗೊಂಡು ಹೋಗಲಿಲ್ಲ. ಬೆಳಿಗ್ಗೆ ಆರೂವರೆಗೆ ರಸ್ತೆ ಪಕ್ಕ ನಿಂತಿದ್ದೆ, ಅಷ್ಟೆ.

ಕೈಯಲ್ಲಿ ಊಟದ ಡಬ್ಬಿ, ತಲೆಗೆ ಟವೆಲ್ ಕಟ್ಟಿಕೊಂಡ ಹೆಂಗಸರು ವ್ಯಾನ್‌ಗೆ ಕಾಯ್ತಾ ಇದ್ರು. ಒಬ್ಬರಿಗೆ ಐವತ್ತರ ಹತ್ತಿರ ಇರಬಹುದು. ಕೇಳಿದೆ: "ಯಾವ ಕಂಪನೀಲಿ ಕೆಲಸ ಅಮ್ಮಾ?"

"ಕಂಪನಿ ಗೊತ್ತಿಲ್ಲ ಕಣಪ್ಪ. ಮೇಸ್ತ್ರಿ ಫೋನ್ ಮಾಡ್ತಾನೆ, ವ್ಯಾನ್ ಬರುತ್ತೆ, ಹತ್ತಿಕೊಂಡು ಹೋಗ್ತೀವಿ. ಹುಲ್ಲು ಅಂದ್ರೆ ಹುಲ್ಲು ಕೀಳ್ತೀವಿ, ಪ್ಲೇಟು ತೊಳಿ ಅಂದ್ರೆ ತೊಳೀತೀವಿ."

ಪ್ಲೇಟು ಅಂದ್ರೆ ಸೋಲಾರ್ ಪ್ಯಾನೆಲ್. ಎಷ್ಟು ವರ್ಷದಿಂದ ಅಂದೆ. ಪ್ಲೇಟು ಹಾಕಿದಾಗಿನಿಂದ ಅಂದ್ರು. ಹಾಗಾದ್ರೆ ಆರೇಳು ವರ್ಷ ಆಯ್ತು. ಆರೇಳು ವರ್ಷ ದುಡಿದ ಮನುಷ್ಯರಿಗೆ ತಮ್ಮ ಮಾಲೀಕ ಯಾರು ಅಂತ ಗೊತ್ತಿಲ್ಲ. ಮಾಲೀಕನಿಗೂ ಇವರು ಯಾರು ಅಂತ ಗೊತ್ತಿರಲಿಕ್ಕಿಲ್ಲ.

ಈ ಜಾಗದಲ್ಲೇ ಇನ್ನೊಂದು ಕಾಗದದ ಕಥೆ ಇದೆ. ಪಾರ್ಕ್‌ಗೆ ರೈತರ ಜಮೀನನ್ನ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಾಲಸಮುದ್ರ, ಕ್ಯಾತಗಾನಚೆರ್ಲು, ಈ ಐದೂ ಊರುಗಳ ಜಮೀನುದಾರರ ಹತ್ತಿರ ಸಹಿ ಮಾಡಿದ ಪತ್ರ ಇದೆ. ದೇಶಕ್ಕೇ ಮಾದರಿ ಅಂತ ಹೊಗಳಿದ್ದೂ ಆಯ್ತು, ಹೊಗಳಬೇಕಾದ್ದೇ. ಆದ್ರೆ ಅದೇ ಹೊಲದಲ್ಲಿ ಮೊದಲು ಶೇಂಗಾ ಕೀಳ್ತಿದ್ದ, ಕೂಲಿ ಮಾಡ್ತಿದ್ದ, ಸ್ವಂತ ಜಮೀನಿಲ್ಲದ ಹೆಂಗಸಿಗೆ ಯಾವ ಪತ್ರವೂ ಸಿಗಲಿಲ್ಲ. ನೆಲಕ್ಕೆ ಕಾಗದ ಇದೆ, ಆಳಿಗೆ ಇಲ್ಲ.

ಈಗ ಯಾಕೆ ಈ ಮಾತು ಅಂದ್ರೆ, ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನ ಜಾರಿಗೆ ತಂತು. ಹಳೆಯ 29 ಕಾನೂನುಗಳನ್ನ ಸೇರಿಸಿ ನಾಲ್ಕು ಮಾಡಿದ್ದಾರೆ. ಸ್ಟುಡಿಯೋದಲ್ಲಿ ಕೂತು ನಾವೆಲ್ಲ ಚರ್ಚೆ ಮಾಡಿದ್ದು ಏನು? ಟೇಕ್ ಹೋಮ್ ಸಂಬಳ ಕಮ್ಮಿ ಆಗುತ್ತಾ, ಪಿಎಫ್ ಜಾಸ್ತಿ ಆಗುತ್ತಾ, 300 ಜನರ ತನಕ ಇರೋ ಕಾರ್ಖಾನೆ ಅನುಮತಿ ಇಲ್ಲದೆ ಬಾಗಿಲು ಹಾಕಬಹುದಾ. ಅವೂ ಮುಖ್ಯವೇ. ಆದ್ರೆ ಯಾರೂ ಹೆಚ್ಚು ಮಾತಾಡದ ಒಂದು ಸಾಲು ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿದೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಈಗಾಗಲೇ ಕೆಲಸದಲ್ಲಿದ್ದು ಪತ್ರ ಸಿಗದವರಿಗೆ, ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು. ಹತ್ತು ಜನರಿಗಿಂತ ಕಮ್ಮಿ ಇರೋ ಕಡೆ ಸಾಮಾನ್ಯವಾಗಿ ಈ ಸಂಹಿತೆ ಅನ್ವಯ ಆಗಲ್ಲ. ಹತ್ತು ದಾಟಿದರೆ ಕೊಡಲೇಬೇಕು.

ಒಂದು ಹಾಳೆಗೆ ಇಷ್ಟೊಂದು ಮಾತಾ ಅನ್ನಬೇಡಿ. ನಾನು ಇಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ, ಕೂರ್ತಿದ್ದ ಬಿಲ್ಡಿಂಗ್ ಒಂದು ಕಂಪನಿಯದು, ಸಂಬಳ ಹಾಕ್ತಿದ್ದದ್ದು ಇನ್ನೊಂದು. ಅವರ ನೌಕರರ ಕೊರಳಿಗೆ ನೀಲಿ ಟ್ಯಾಗ್, ನಮ್ಮಂಥವರಿಗೆ ಹಸಿರು. ಜ್ವರ ಬಂದು ನಾಲ್ಕು ದಿನ ಮಲಗಿದಾಗ ಯಾರಿಗೆ ರಜೆ ಅರ್ಜಿ ಕಳಿಸಬೇಕು ಅಂತ ನನಗೇ ಗೊತ್ತಿರಲಿಲ್ಲ. ಇಬ್ಬರಿಗೂ ಕಳಿಸಿದೆ. ಇಬ್ಬರೂ ನಮಗೆ ಸಂಬಂಧ ಇಲ್ಲ ಅಂದ್ರು, ನಾಲ್ಕು ದಿನದ ಸಂಬಳ ಹೋಯ್ತು. ಬಿ.ಇ. ಓದಿದವನ ಗತಿ ಇದಾದ್ರೆ ತಿರುಮಣಿಯ ಆ ತಾಯಿ ಯಾರನ್ನ ಕೇಳಬೇಕು? ಪಾರ್ಕ್‌ನ ಮೂಲಸೌಕರ್ಯ ನೋಡಿಕೊಳ್ಳೋ ನಿಗಮ ಒಂದು, ಬ್ಲಾಕ್ ಪಡೆದ ವಿದ್ಯುತ್ ಕಂಪನಿ ಒಂದು, ಅವರಿಂದ ನಿರ್ವಹಣೆಯ ಟೆಂಡರ್ ಪಡೆದವರು, ಅವರ ಕೈಕೆಳಗೆ ಆಳು ಒದಗಿಸೋ ಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ. ಕಾನೂನು ಮೇಲಿನಿಂದ ಇಳಿದು ಬರೋ ಹೊತ್ತಿಗೆ ಯಾವುದಾದರೂ ಒಂದು ಮೆಟ್ಟಿಲಲ್ಲಿ ಕೂತುಬಿಡುತ್ತೆ.

ಹೊಸ ಸಂಹಿತೆ ಈ ಮೆಟ್ಟಿಲುಗಳ ಬಗ್ಗೆ ಏನೂ ಹೇಳಿಲ್ಲ ಅಂತಲ್ಲ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತೆ, ಕೆಲವು ವಿನಾಯಿತಿ ಇಟ್ಟುಕೊಂಡು. ಯಾವುದು ಮುಖ್ಯ ಕೆಲಸ ಅಲ್ಲ ಅಂತ ಒಂದು ಪಟ್ಟಿಯನ್ನೂ ಕೊಟ್ಟಿದೆ: ಸ್ವಚ್ಛತೆ, ಕಾವಲು, ಕ್ಯಾಂಟೀನ್, ತೋಟದ ನಿರ್ವಹಣೆ ಇತ್ಯಾದಿ. ಈಗ ಯೋಚನೆ ಮಾಡಿ. ಸೋಲಾರ್ ಪಾರ್ಕ್‌ನಲ್ಲಿ ಸುತ್ತಲ ಊರಿನವರಿಗೆ ಸಿಗೋ ಕೆಲಸ ಯಾವುದು? ಪ್ಯಾನೆಲ್ ತೊಳೆಯೋದು, ಗೇಟ್ ಕಾಯೋದು, ಕಳೆ ಕೀಳೋದು. ಪಟ್ಟಿ ಓದಿದ ಯಾವ ವಕೀಲನಾದ್ರೂ "ಇದು ಸ್ವಚ್ಛತೆ, ಇದು ತೋಟಗಾರಿಕೆ" ಅಂತ ವಾದ ಮಾಡಬಹುದು.

ಇಲ್ಲಿ ನನ್ನೊಳಗಿನ ಇಂಜಿನಿಯರ್ ಸುಮ್ಮನಿರಲ್ಲ. ಪಾವಗಡದ ಧೂಳು ನಿಮಗೆ ಗೊತ್ತು. ಪ್ಯಾನೆಲ್ ಮೇಲೆ ಧೂಳು ಕೂತರೆ ಬೆಳಕು ಒಳಗೆ ಹೋಗಲ್ಲ, ವಿದ್ಯುತ್ ಕಮ್ಮಿಯಾಗುತ್ತೆ. ಕಳೆ ಎತ್ತರಕ್ಕೆ ಬೆಳೆದು ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆಗೆ ಹೊಡೆತ. ಥರ್ಮಲ್ ಸ್ಥಾವರದಲ್ಲಿ ಕಲ್ಲಿದ್ದಲು ಸುರಿಯೋ ಕೆಲಸಕ್ಕೆ ಕಸ ಗುಡಿಸೋದು ಅಂತ ಯಾರಾದ್ರೂ ಕರೀತಾರಾ? ಆಫೀಸಿನ ಕಿಟಕಿ ಒರೆಸೋದು ಸ್ವಚ್ಛತೆ. ಪ್ಯಾನೆಲ್ ತೊಳೆಯೋದು ವಿದ್ಯುತ್ ಉತ್ಪಾದನೆ. ನನ್ನ ವಾದ ಇಷ್ಟೆ. ನಾಳೆ ಯಾರಾದ್ರೂ ಇದನ್ನ ಪ್ರಶ್ನೆ ಮಾಡಿದ್ರೆ ಉತ್ತರ ಬರಬೇಕಾಗಿರೋದು ಟಿವಿ ಸ್ಟುಡಿಯೋದಿಂದ ಅಲ್ಲ, ಸರ್ಕಾರದಿಂದ. ಹಾಗೇ ಇನ್ನೊಂದು ಲೆಕ್ಕ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ರೆ ಗುತ್ತಿಗೆ ಕಾನೂನು ಅನ್ವಯ ಆಗ್ತಿತ್ತು, ಈಗ 50 ಬೇಕು. 49 ಜನರ ಮೇಸ್ತ್ರಿಗಳು ಎಷ್ಟು ಹುಟ್ಟಿಕೊಳ್ತಾರೋ ನೋಡೋಣ. ಇನ್ಸ್‌ಪೆಕ್ಟರ್ ಹೆಸರಿಗೆ "ಫೆಸಿಲಿಟೇಟರ್" ಅಂತಲೂ ಸೇರಿಸಿದ್ದಾರೆ. ತಪ್ಪು ಹಿಡಿಯೋದರ ಜೊತೆಗೆ ತಿಳಿಹೇಳಬೇಕಂತೆ. ತಿಳಿಹೇಳಲಿ, ಆದ್ರೆ ಒಂದು ದಿನ ಬೆಳಿಗ್ಗೆ ಆರೂವರೆಗೆ ಬಂದು ಆ ವ್ಯಾನ್ ಹತ್ತಲಿ.

ಇನ್ನು ನಮ್ಮ ರಾಜ್ಯದ ಮುಟ್ಟಿನ ರಜೆ. ಅಕ್ಟೋಬರ್ 9ಕ್ಕೆ ಸಂಪುಟ ಒಪ್ಪಿತು, ನವೆಂಬರ್‌ನಲ್ಲಿ ಆದೇಶ ಬಂತು. 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೊಂದು, ವರ್ಷಕ್ಕೆ 12 ಸಂಬಳ ಸಹಿತ ರಜೆ. ಕಾಯಂ ಮಾತ್ರ ಅಲ್ಲ, ಗುತ್ತಿಗೆ, ಹೊರಗುತ್ತಿಗೆಯವರಿಗೂ. ವೈದ್ಯರ ಚೀಟಿ ಬೇಡ. ಬೆಂಗಳೂರಿನ ಹೋಟೆಲ್ ಸಂಘ ಮತ್ತಿತರರು ಹೈಕೋರ್ಟ್‌ಗೆ ಹೋದ್ರು. ಡಿಸೆಂಬರ್ 9ರ ಬೆಳಿಗ್ಗೆ ಕೋರ್ಟ್ ತಡೆ ಕೊಟ್ಟು, ಸರ್ಕಾರದ ಮಾತು ಕೇಳಿ ಅದೇ ದಿನ ತಡೆ ಹಿಂದಕ್ಕೆ ತಗೊಂಡಿತು. ವಿಚಾರಣೆ ಮುಂದುವರಿಯಿತು.

ಮಧುಗಿರಿಯಲ್ಲಿ ಸಣ್ಣ ಹೊಲಿಗೆ ಘಟಕ ನಡೆಸುವ ಒಬ್ಬರು ಈ ಬಗ್ಗೆ ಫೋನ್ ಮಾಡಿದ್ರು. ಸಿಟ್ಟಿನಲ್ಲಿದ್ರು. "ಸಾರ್, ನೀವು ಟಿವೀಲಿ ಸುಲಭವಾಗಿ ಹೇಳ್ತೀರ. ನನ್ನ ಹತ್ರ ಮೂವತ್ತು ಮಿಷನ್. ಒಬ್ಬಳು ಕಾಲರ್ ಹೊಲೀತಾಳೆ, ಒಬ್ಬಳು ತೋಳು ಕೂಡಿಸ್ತಾಳೆ. ಒಬ್ಬಳು ಬರದಿದ್ರೆ ಇಡೀ ಲೈನ್ ನಿಲ್ಲುತ್ತೆ. ಪೀಸ್ ಕೊಡದಿದ್ರೆ ಬೆಂಗಳೂರಿನವನು ದುಡ್ಡು ಹಿಡೀತಾನೆ." ಇದು ಸುಳ್ಳಲ್ಲ. ಹೆರಿಗೆ ರಜೆ 26 ವಾರ ಆದಾಗ, ಇಎಸ್‌ಐ ಇದ್ದ ಕಡೆ ಆ ಹಣ ಇಎಸ್‌ಐ ನಿಧಿಯಿಂದ ಬರುತ್ತೆ. ಭಾರ ಒಬ್ಬ ಮಾಲೀಕನ ತಲೆ ಮೇಲೆ ಬೀಳಲ್ಲ. ಮುಟ್ಟಿನ ರಜೆಗೆ ಅಂಥ ನಿಧಿ ಇಲ್ಲ. ಸಾವಿರಾರು ಜನರ ಕಾರ್ಖಾನೆಗೂ ಮೂವತ್ತು ಮಿಷನ್ನಿನವರಿಗೂ ಒಂದೇ ತಕ್ಕಡಿ. ಸಣ್ಣವರ ಪಾಲಿನ ಒಂದಷ್ಟನ್ನ ಸರ್ಕಾರ ಹೊರಬೇಕು ಅನ್ನೋದು ನ್ಯಾಯವಾದ ಕೇಳಿಕೆ.

ಆದ್ರೆ ಅವರು ಮುಂದೆ ಒಂದು ಮಾತು ಅಂದ್ರು, "ಹಿಂಗಾದ್ರೆ ಹೆಂಗಸರನ್ನ ತಗೊಳ್ಳೋದೇ ಬಿಡ್ತೀವಿ." ಅದಕ್ಕೆ ನಾನು ಕೇಳಿದೆ, ಬಿಟ್ಟು ಯಾರನ್ನ ತರ್ತೀರ? ಗಾರ್ಮೆಂಟ್ಸ್ ನಿಂತಿರೋದೇ ಹೆಂಗಸರ ಮೇಲೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಇವರಿಗೆ ಕಾನೂನು ಗೊತ್ತಾಗಲ್ಲ, ಸುಮ್ಮನಿರ್ತಾರೆ ಅಂತಲೂ ಯಾರೂ ಅಂದ್ಕೋಬೇಡಿ. 2016ರ ಏಪ್ರಿಲ್ ನೆನಪಿದೆಯಲ್ಲ? ಪಿಎಫ್ ಹಣ ತೆಗೆಯೋ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಬಂದ್ರು. ಎರಡೇ ದಿನಕ್ಕೆ, ಏಪ್ರಿಲ್ 19ಕ್ಕೆ, ದೆಹಲಿ ಆ ನಿಯಮ ವಾಪಸ್ ತಗೊಂಡಿತು.

ರಜೆ ಆದೇಶದಲ್ಲಿದೆ ಸರಿ, ಅದನ್ನ ಬಾಯಿಬಿಟ್ಟು ಕೇಳೋದು ಹೇಗೆ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ, ಕೆಲವು ಹಟ್ಟಿಗಳಲ್ಲಂತೂ ಇವತ್ತಿಗೂ ಆ ಮೂರು ದಿನ ಹೆಣ್ಣುಮಕ್ಕಳು ಹೊರಗೆ. ಮನೇಲಿ "ಹೊರಗೆ ಕೂತ್ಕೋ" ಅಂತಾರೆ, ಕೆಲಸದಲ್ಲಿ "ಕೂರಬೇಡ" ಅಂತಾರೆ. ಇಪ್ಪತ್ತು ವರ್ಷದ ಹುಡುಗಿ ಮೀಸೆ ಹೊತ್ತ ಸೂಪರ್‌ವೈಸರ್ ಮುಂದೆ ಹೋಗಿ ಇದನ್ನ ಕೇಳಬೇಕು. ಲೈನ್‌ನಲ್ಲಿ ಒಬ್ಬ ಮಹಿಳೆಗೆ ರಜೆ ಬರೆದುಕೊಳ್ಳೋ ಅಧಿಕಾರ ಕೊಟ್ಟರೆ ಮಾಲೀಕನಿಗೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಪಾಳಿಯದೂ ಇದೇ ಕಥೆ. ಮಹಿಳೆಯ ಒಪ್ಪಿಗೆ ಪಡೆದು, ಭದ್ರತೆ ಕೊಟ್ಟು ಸಂಜೆ ಏಳರ ನಂತರವೂ ಕೆಲಸ ಕೊಡಬಹುದು ಅಂತ ಸಂಹಿತೆ ಹೇಳುತ್ತೆ. ಕೊರಟಗೆರೆ, ಶಿರಾ ಕಡೆಯಿಂದ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗೋ ಹುಡುಗಿ, ನೇಮಕಾತಿ ಪತ್ರವೇ ಇಲ್ಲದವಳು, ಒಪ್ಪಲ್ಲ ಅಂದ್ರೆ ಮಾರನೇ ದಿನ ವ್ಯಾನ್ ಅವಳ ಊರಿಗೆ ಬರುತ್ತಾ?

ಲೈಂಗಿಕ ಕಿರುಕುಳ ತಡೆ ಕಾನೂನು ಬಂದು, 2013ರಿಂದ, 12 ವರ್ಷ ಆಯ್ತು. ಹತ್ತು ಜನರಿಗಿಂತ ಕಮ್ಮಿ ಇರೋ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲಾ ಸ್ಥಳೀಯ ಸಮಿತಿಗೆ ಹೋಗಬೇಕು. ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಸಿಗುತ್ತೆ, ಆ ದಿನದ ಕೂಲಿ ಯಾರು ಕೊಡ್ತಾರೆ? ಅದಕ್ಕೇ ಪ್ರತಿ ತಾಲ್ಲೂಕಿಗೆ ದೂರು ಸ್ವೀಕರಿಸೋ ನೋಡಲ್ ಅಧಿಕಾರಿ ಇರಬೇಕು ಅಂತ ಅದೇ ಕಾನೂನಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿಗೂ ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಇದೆ. ಆ ನಾಲ್ಕು ಹೆಸರು, ನಾಲ್ಕು ಫೋನ್ ನಂಬರ್ ಅಲ್ಲಿನ ಗೋಡೆ ಮೇಲೆ, ನಾಲ್ಕೂ ಬಸ್ ಸ್ಟ್ಯಾಂಡ್‌ಗಳ ಗೋಡೆ ಮೇಲೆ ದೊಡ್ಡದಾಗಿ ಬರೆಸಲಿ.

ವ್ಯಾನ್ ಬಂತು. ಆ ತಾಯಿ ಹತ್ತುವಾಗ ಸೊಂಟ ಹಿಡಿದುಕೊಂಡು ಒಂದು ಕ್ಷಣ ನಿಂತ್ರು. ಪಾವಗಡದ ಫ್ಲೋರೈಡ್ ನೀರು ಎಷ್ಟು ಜನರ ಮೂಳೆ ಬಗ್ಗಿಸಿದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅಂತ ಸರ್ಕಾರ ಈಗ ಹೇಳ್ತಿದೆ. ಅದೂ ಸಿಗಬೇಕಾದ್ರೆ ಅವರ ಹೆಸರು ಎಲ್ಲೋ ಒಂದು ಕಡೆ ಬರೆದಿರಬೇಕು. ನೇಮಕಾತಿ ಪತ್ರದ ವಿಷಯ ಹೇಳಿದೆ. "ನಮಗೂ ಕೊಡ್ತಾರಾ?" ಅಂದ್ರು. ಕೊಡಬೇಕು ಅಂತ ಕಾನೂನಿದೆ ಅಂದೆ. ನಕ್ಕು ಬಾಗಿಲು ಎಳೆದುಕೊಂಡ್ರು.

ಮೂರು ತಿಂಗಳ ಗಡುವು ಫೆಬ್ರವರಿ ಮೂರನೇ ವಾರಕ್ಕೆ ಮುಗಿಯುತ್ತೆ. ಆ ವಾರ ಕ್ಯಾಮೆರಾ ತಗೊಂಡು ಮತ್ತೆ ತಿರುಮಣಿಗೆ ಹೋಗ್ತೀನಿ, ಬೆಳಿಗ್ಗೆ ಆರೂವರೆಗೆ, ಅದೇ ಜಾಗಕ್ಕೆ.