ಬೆರಳಿನ ಗಂಟು ಊದಿದಾಗ ಕಾಯಬೇಡಿ



ಕೀಲುನೋವು ಎಂದ ಕೂಡಲೇ ನಾವು ಮಂಡಿ ಹಿಡಿದುಕೊಳ್ಳುತ್ತೇವೆ. ಮಂಡಿ ಸವೆತದ ಮಾತು ಇನ್ನೊಂದು ದಿನಕ್ಕಿರಲಿ. ಇವತ್ತು ನಾನು ಹೇಳಬೇಕೆಂದಿರುವುದು ರುಮಟಾಯ್ಡ್ ಸಂಧಿವಾತದ ಬಗ್ಗೆ. ಇದು ಗಂಡಸರಿಗಿಂತ ನಮ್ಮಲ್ಲೇ 2–3 ಪಟ್ಟು ಹೆಚ್ಚು. ವಯಸ್ಸಾದವರ ಕಾಯಿಲೆ ಎಂದುಕೊಳ್ಳಬೇಡಿ, 30–40ರಲ್ಲೂ ಬರುತ್ತದೆ.

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಆ ಬಿಗಿತ 30 ನಿಮಿಷಕ್ಕೂ ಹೆಚ್ಚು ಇರುತ್ತದೆ, ಕೈ ಆಡಿಸುತ್ತಾ ಹೋದಂತೆ ಸಡಿಲವಾಗುತ್ತದೆ. ಉಂಗುರ ಹೊರಬರುವುದಿಲ್ಲ, ಚಪಾತಿ ಹಿಟ್ಟು ನಾದಲಾಗದು. ಬೆರಳ ಬುಡದ ಗೆಣ್ಣುಗಳನ್ನು ಕೈಕುಲುಕುವಾಗಿನಂತೆ ಅಡ್ಡಲಾಗಿ ಒತ್ತಿದರೆ ಜೀವ ಹೋದಂತಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಿರುತ್ತದೆ. ಊದಿದ ಪೊರೆ ಪಕ್ಕದ ಮೂಳೆಯನ್ನು ಕೊರೆಯುತ್ತದೆ. ಹಾಗೆ ಹಾಳಾದ ಕೀಲು ಮೊದಲಿನಂತೆ ಆಗುವುದಿಲ್ಲ. ಅದಕ್ಕೇ ತಜ್ಞರು ಮೊದಲ 3 ತಿಂಗಳೊಳಗೆ ಔಷಧಿ ಶುರುವಾಗಬೇಕು ಎನ್ನುತ್ತಾರೆ.

ನೆದರ್ಲೆಂಡ್ಸ್‌ನ ಲೈಡನ್ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆ 1993ರಲ್ಲೇ ಹೊಸ ಸಂಧಿವಾತಕ್ಕೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಆಮೇಲೆ 2010ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಸಂಧಿವಾತವೋ ಅಲ್ಲವೋ ಎಂದು ಮನೆವೈದ್ಯರಿಗೆ ಅನುಮಾನ ಬಂದರೆ, ರಕ್ತಪರೀಕ್ಷೆಗೂ ಕಾಯದೆ ರೋಗಿಯನ್ನು ಕಳಿಸಬಹುದು. ತಜ್ಞರು ಕೆಲವೇ ನಿಮಿಷ ಕೀಲುಗಳನ್ನು ಮುಟ್ಟಿ ನೋಡುತ್ತಾರೆ. ಊತ ನಿಜವಾದರೆ ಬೇಗನೆ ಪೂರ್ತಿ ತಪಾಸಣೆ, ಇಲ್ಲದಿದ್ದರೆ ಮನೆಗೆ. ಇದು ನನಗೆ ಬಹಳ ಹಿಡಿಸಿದ ಏರ್ಪಾಡು. ಇಂಗ್ಲೆಂಡಿನಲ್ಲಿ ಮನೆವೈದ್ಯರು ಚೀಟಿ ಬರೆದ 3 ವಾರದಲ್ಲಿ ತಜ್ಞರು ನೋಡಬೇಕು ಎಂಬ ಮಾನದಂಡವಿದೆ. ಎಲ್ಲ ಕಡೆ ಪಾಲನೆ ಆಗುವುದಿಲ್ಲ, ಅದು ಬೇರೆ ಮಾತು.

ನಮಗೆ ಇಲ್ಲಿ ಚೀಟಿಯ ಕಟ್ಟುಪಾಡು ಅಷ್ಟಿಲ್ಲ. ರುಮಟಾಲಜಿಸ್ಟ್ ಬಳಿಗೆ ನೇರವಾಗಿ ಹೋಗಬಹುದು. ದೆಹಲಿಯ ಏಮ್ಸ್, ಹೈದರಾಬಾದಿನ ನಿಮ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲೂ ಈ ವಿಭಾಗವಿದೆ. ಆದರೂ ನನ್ನ ಕ್ಲಿನಿಕ್ಕಿಗೆ ಬರುವವರು ತಡವಾಗಿ ಬರುತ್ತಾರೆ. ಒಬ್ಬಾಕೆ ಏಳು ತಿಂಗಳು ಬಾಮು ಹಚ್ಚಿ, ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ನುಂಗಿ ಬಂದರು. "ಮಗಳ ಪರೀಕ್ಷೆ ಮುಗಿಯಲಿ ಅಂತಿದ್ದೆ ಡಾಕ್ಟ್ರೇ" ಎಂದರು. ಅಷ್ಟರಲ್ಲಿ ಎರಡು ಬೆರಳು ಓರೆಯಾಗಿದ್ದವು. ಗಂಡನಿಗೆ ಹೀಗಾಗಿದ್ದರೆ ಎರಡನೇ ವಾರವೇ ಕರೆತರುತ್ತಿದ್ದರು, ಅಲ್ಲವೇ?

ಎರಡು ಮೂರು ಎಚ್ಚರಿಕೆ. ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬಂದರೂ ಸಂಧಿವಾತ ಇರಬಹುದು, ಊತ ಇದ್ದರೆ ರಿಪೋರ್ಟ್ ನೋಡಿ ಸುಮ್ಮನಾಗಬೇಡಿ. ಚಿಕುನ್‌ಗುನ್ಯಾ ಆದಮೇಲೂ ಹೀಗೇ ಗಂಟು ಊದಬಹುದು, ಜ್ವರ ಬಂದಿದ್ದರೆ ಹೇಳಿ. ಸ್ಟೀರಾಯ್ಡ್ ಬೆರೆತ ಪುಡಿ, ಗುಳಿಗೆಗಳು ಊತವನ್ನು ಮರೆಮಾಡಿ ತಜ್ಞರನ್ನೂ ದಾರಿ ತಪ್ಪಿಸುತ್ತವೆ. ಹೆಚ್ಚಿನವರಿಗೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಅದು ಸಲ್ಲದು, ಮಗು ಬೇಕೆಂದಿರುವ ಸೊಸೆ, ಮಗಳು ಅದನ್ನು ಮೊದಲೇ ವೈದ್ಯರಿಗೆ ಹೇಳಲಿ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಬೆರಳು ತೋರಿಸಬೇಕೆನ್ನುವವರು ಊಟದ ಹೊತ್ತಿಗೆ ನನ್ನ ಪಕ್ಕ ಕೂರಿ.